ಡಬ್ಬಿಂಗ್ ತಡೆದವರಿಗೆ ದಂಡ, ನಷ್ಟಕ್ಕೆ ಓಡಿಸಿದವರಿಗೆ ಖುಲಾಸೆ

ವ್ಯಾಪಾರದಲ್ಲಿ ಪೈಪೋಟಿ ಉಳಿಯುವಂತೆ ನೋಡಿಕೊಳ್ಳುವ ಸ್ಪರ್ಧಾ ಕಾಯ್ದೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ಪುತ್ತೂರು ಕಡೆಯ ಅಡಿಕೆ ಕೃಷಿಕರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿದೆ, ತಿರುಳು ಇಷ್ಟು:

“ಕನ್ನಡ ಚಿತ್ರರಂಗದವರು ತಮ್ಮ ಭಾಷೆ, ತಮ್ಮ ಅನ್ನ ಉಳಿಸಿಕೊಳ್ಳಲು ಒಗ್ಗಟ್ಟಾಗಿ ಡಬ್ಬಿಂಗ್ ಬೇಡ ಅಂದರು. ದೆಹಲಿಯ ಆಯೋಗ ಅವರಿಗೆ ದಂಡ ಹಾಕಿತು. ಬೆಂಗಳೂರಿನಲ್ಲಿ ಆ್ಯಪ್ ಟ್ಯಾಕ್ಸಿ ಕಂಪನಿಗಳು ಯಾರದೋ ಬಂಡವಾಳ ಸುರಿದು, ಅಸಲೂ ಹುಟ್ಟದ ಬಾಡಿಗೆಗೆ ಗಾಡಿ ಓಡಿಸಿ, ಹಳೆಯ ಟ್ಯಾಕ್ಸಿಯವರ ಮನೆ ಮುರಿದವು. ಅದೇ ಆಯೋಗ ಅವರನ್ನು ಸುಮ್ಮನೆ ಬಿಟ್ಟಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ನನ್ನ ಅಕ್ಕನ ಮಗ ಇನ್ಸೆಂಟಿವ್ ನಂಬಿ ಸಾಲ ಮಾಡಿ ಕಾರು ತೆಗೆದವನು. ಕಾರು ಈಗ ಫೈನಾನ್ಸಿನವರ ಪಾಲು. ಅರ್ಥಶಾಸ್ತ್ರಜ್ಞರು ಹೇಳಿದ್ದೇ ಕಾನೂನು ಎಂದಾದರೆ, ನಮ್ಮಂಥ ಸಣ್ಣವರು ಸಂಘ ಕಟ್ಟುವುದೇ ತಪ್ಪಾ? ಕೊನೆಗೊಂದು ಮಾತು. ನಮ್ಮೂರಲ್ಲಿ ಕೆಲವು ಅಡಿಕೆ ವ್ಯಾಪಾರಿಗಳು ಬೆಳಿಗ್ಗೆ ಫೋನಿನಲ್ಲಿ ಮಾತಾಡಿಕೊಂಡೇ ಅಂಗಡಿ ತೆರೆಯುತ್ತಾರೆ ಎಂಬ ಗುಮಾನಿ ನಮಗಿದೆ. ಅದಕ್ಕೆ ನಿಮ್ಮ ಕಾಯ್ದೆಯಲ್ಲಿ ಏನಾದರೂ ಉಂಟಾ?”

ಮಾನ್ಯರೇ,

ನಿಮ್ಮ ಸಿಟ್ಟಿನ ಅರ್ಧಕ್ಕೆ ನನ್ನ ತಕರಾರಿದೆ, ಇನ್ನರ್ಧ ನನ್ನದೂ ಹೌದು. ತಕರಾರಿರುವ ಕಡೆಯಿಂದಲೇ ಶುರು ಮಾಡುತ್ತೇನೆ.

ಡಬ್ಬಿಂಗ್ ನಿಷೇಧ ಎಂದು ನಾವೆಲ್ಲ ಬಾಯಿಮಾತಿಗೆ ಹೇಳುತ್ತಿದ್ದೆವು. ಹಾಗೊಂದು ನಿಷೇಧ ಯಾವ ಕಾಯ್ದೆಯಲ್ಲೂ ಇರಲಿಲ್ಲ. ಅದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ನಿರ್ಮಾಪಕರ ಸಂಘ, ಟೆಲಿವಿಷನ್ ಸಂಘಗಳು ತಮ್ಮೊಳಗೆ ಪಾಲಿಸಿಕೊಂಡು ಬಂದ ಕಟ್ಟುಪಾಡು. ಬರಹದಲ್ಲಿ ಇಲ್ಲದಿದ್ದರೂ ಮೀರಿದರೆ ಏನಾಗುತ್ತದೆ ಎಂಬುದು ಥಿಯೇಟರಿನವರಿಗೂ ಚಾನೆಲ್‌ನವರಿಗೂ ಚೆನ್ನಾಗಿ ಗೊತ್ತಿತ್ತು. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೆ’ ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳ, ಮರಾಠಿಗಳಲ್ಲಿ ಬಂತು, ಕನ್ನಡದಲ್ಲಿ ಮಾತ್ರ ಬರಲಿಲ್ಲ. ಹೆಣ್ಣು ಭ್ರೂಣಹತ್ಯೆಯ ಬಗ್ಗೆ ಮಾತಾಡುವ ಕಾರ್ಯಕ್ರಮವನ್ನು ಕನ್ನಡದ ತಾಯಿಯೊಬ್ಬಳು ಹಿಂದಿಯಲ್ಲೇ ನೋಡಿ ಅರ್ಥ ಮಾಡಿಕೊಳ್ಳಬೇಕಾಯಿತು. ಆ ವರ್ಷವೇ ಕನ್ನಡ ಗ್ರಾಹಕರ ಕೂಟ ನೀವು ಹೇಳಿದ ದೆಹಲಿಯ ಆಯೋಗದ, ಅಂದರೆ ಸ್ಪರ್ಧಾ ಕಾಯ್ದೆಯನ್ನು ಜಾರಿ ಮಾಡುವ ಭಾರತೀಯ ಸ್ಪರ್ಧಾ ಆಯೋಗದ ಬಾಗಿಲು ತಟ್ಟಿತು. ಗಮನಿಸಿ, ದೂರು ಕೊಟ್ಟದ್ದು ಮುಂಬೈಯ ಸಿನಿಮಾ ಕಂಪನಿಯಲ್ಲ, ಕನ್ನಡದಲ್ಲೇ ನೋಡಬೇಕು ಎಂದು ಹಟ ಹಿಡಿದ ಕನ್ನಡಿಗರು. 2015ರ ಜುಲೈಯಲ್ಲಿ ಆದೇಶ ಬಂತು. ಸಂಘಟನೆಗಳ ಮೇಲೆ ಬಿದ್ದ ದಂಡ ಎಲ್ಲ ಸೇರಿ ಸುಮಾರು 20 ಲಕ್ಷ ರೂಪಾಯಿ.

ಅರವತ್ತರ ದಶಕದ ಚಳವಳಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಬಹುತೇಕ ಮದರಾಸಿನ ಸ್ಟುಡಿಯೋಗಳಲ್ಲಿ. ಪಕ್ಕದ ಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಕೂಡಿಸಿ ಬಿಟ್ಟರೆ ಹೊಸ ಚಿತ್ರ ತೆಗೆಯುವ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತಿತ್ತು. ಕನ್ನಡದ ನಟ, ತಂತ್ರಜ್ಞ ಕೈಕಟ್ಟಿ ಕೂರಬೇಕಿತ್ತು. ಅನಕೃ, ಮ. ರಾಮಮೂರ್ತಿಯವರು ದನಿಯೆತ್ತಿದರು, ರಾಜ್‌ಕುಮಾರ್ ಜೊತೆಗೆ ನಿಂತರು. ಆ ಕಾಲದಲ್ಲಿ ಇದ್ದಿದ್ದರೆ ನಾನೂ ಆ ಸಭೆಗಳಿಗೆ ಹೋಗುತ್ತಿದ್ದೆನೋ ಏನೋ. ಎಳೆಯ ಉದ್ಯಮವೊಂದು ಕಾಲೂರುವ ತನಕ ಅದಕ್ಕೆ ರಕ್ಷಣೆ ಬೇಕು ಎನ್ನುವುದನ್ನು ಅರ್ಥಶಾಸ್ತ್ರವೂ ಒಪ್ಪುತ್ತದೆ. ಆದರೆ ಎಲ್ಲಿಯ ತನಕ, ಯಾರ ಖರ್ಚಿನಲ್ಲಿ, ಯಾರಿಗೆ ಲೆಕ್ಕ ಒಪ್ಪಿಸಿ ಎಂದೂ ಅದು ಕೇಳುತ್ತದೆ.

ಈ ಕಟ್ಟುಪಾಡು ತಡೆದದ್ದು ಏನನ್ನು ಎಂದು ನೋಡಿ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ತಮಿಳು ಚಿತ್ರ ಓಡುತ್ತಿತ್ತು, ತೆಲುಗು ಓಡುತ್ತಿತ್ತು, ಹಿಂದಿ ಓಡುತ್ತಿತ್ತು. ಅವುಗಳಿಗೆ ಥಿಯೇಟರ್ ಸಂಖ್ಯೆಯ ಮಿತಿ ಹಾಕಲು ಮಂಡಳಿ ಹೊರಟದ್ದೂ ಉಂಟು, ಅಂಥದ್ದೇ ವಿಷಯಕ್ಕೆ 2012ರ ಫೆಬ್ರವರಿಯಲ್ಲಿ ಆಯೋಗ ಹಲವು ರಾಜ್ಯಗಳ ಚಿತ್ರಸಂಘಟನೆಗಳ ಜೊತೆ ನಮ್ಮ ಮಂಡಳಿಯನ್ನೂ ತಪ್ಪಿತಸ್ಥ ಎಂದಿತ್ತು. ಅದಿರಲಿ. ಪರಭಾಷೆಯ ಚಿತ್ರ ಪರಭಾಷೆಯಲ್ಲೇ ಬಂದರೆ ತೊಂದರೆ ಇರಲಿಲ್ಲ, ಅದೇ ಚಿತ್ರ ಕನ್ನಡ ಮಾತಾಡಿದರೆ ಮಾತ್ರ ಕನ್ನಡಕ್ಕೆ ಅಪಾಯ! ತೆಲುಗು ಬಲ್ಲ ಬೆಂಗಳೂರಿಗ ಹೇಗೂ ನೋಡುತ್ತಿದ್ದ. ಬಾಗಿಲು ಮುಚ್ಚಿದ್ದು ಕನ್ನಡವೊಂದನ್ನೇ ಬಲ್ಲವರಿಗೆ. ಹಾಗಾದರೆ ಲಾಭ ಯಾರಿಗೆ? ರಿಮೇಕ್ ಹಕ್ಕು ಕೊಂಡು ಅದೇ ಕಥೆಯನ್ನು ಮತ್ತೆ ತೆಗೆಯುತ್ತಿದ್ದವರನ್ನು ಮೊದಲು ನೆನೆಯಬೇಕು. ಮೂಲ ಚಿತ್ರ ಕನ್ನಡದಲ್ಲೇ ಸಿಕ್ಕಿಬಿಟ್ಟರೆ ರಿಮೇಕಿಗೆ ಟಿಕೆಟ್ ಕೊಳ್ಳುವವರು ಯಾರು? ಭಾಷೆಯ ಹೆಸರಲ್ಲಿ ನಿಂತ ಗೋಡೆಯ ಮರೆಯಲ್ಲಿ ಒಂದು ವ್ಯಾಪಾರ ನೆಮ್ಮದಿಯಾಗಿ ನಡೆಯುತ್ತಿತ್ತು. ಅರ್ಥಶಾಸ್ತ್ರ ಇಲ್ಲಿ ಮಾಡಿದ್ದು ಅಷ್ಟೇ, ಆ ಗೋಡೆಯ ಹಿಂದೆ ಇಣುಕಿ ನೋಡಿದ್ದು.

ಈಗ ಕಾನೂನಿನ ಮಾತು. ನಮ್ಮ ಸ್ಪರ್ಧಾ ಕಾಯ್ದೆ 2002ರದು, ಅದರ ಹಲ್ಲಿರುವ ಸೆಕ್ಷನ್‌ಗಳು ಜಾರಿಗೆ ಬಂದದ್ದು 2009ರ ಮೇಯಲ್ಲಿ. ಒಂದೇ ಕಸುಬಿನವರು ಕೂಡಿ ಬೆಲೆ ಗೊತ್ತು ಮಾಡುವುದು, ಸರಕಿನ ಅಥವಾ ಸೇವೆಯ ಪೂರೈಕೆಗೆ ತಡೆ ಹಾಕುವುದು, ಮಾರುಕಟ್ಟೆ ಹಂಚಿಕೊಳ್ಳುವುದು, ಟೆಂಡರ್‌ನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದು – ಇವನ್ನು ಸೆಕ್ಷನ್ 3 ಬೇರೆಯಾಗಿ ಹೆಸರಿಸುತ್ತದೆ. ಇಂಥ ಒಪ್ಪಂದ ರುಜುವಾತಾದರೆ ಹಾನಿಯಾಗಿದೆ ಎಂದು ಪ್ರತ್ಯೇಕವಾಗಿ ಸಾಬೀತು ಮಾಡಬೇಕಿಲ್ಲ, ಕಾಯ್ದೆಯೇ ಹಾಗೆಂದು ಭಾವಿಸಿಕೊಳ್ಳುತ್ತದೆ. ಇಂಥ ಕೂಟಗಳಿಂದ ಗಿರಾಕಿಗೆ ಒಳಿತಾದದ್ದು ಅಪರೂಪ, ಕೆಡುಕಾದದ್ದೇ ಹೆಚ್ಚು ಎನ್ನುವುದು ಅರ್ಥಶಾಸ್ತ್ರದ ದೀರ್ಘಕಾಲದ ಅನುಭವ. ಪ್ರತಿ ಮೊಕದ್ದಮೆಯಲ್ಲೂ ಅದನ್ನೇ ಹೊಸದಾಗಿ ಅಳೆಯುತ್ತ ಕೂತರೆ ಕೋರ್ಟಿನ ಕೆಲಸ ಮುಗಿಯುವುದಿಲ್ಲವೆಂದು ಶಾಸನವು ಆ ಅನುಭವವನ್ನೇ ನಿಯಮವಾಗಿ ಬರೆದುಕೊಂಡಿದೆ. ಹಾಗೆಂದು ಆಪಾದಿತರ ಬಾಯಿ ಕಟ್ಟಿಲ್ಲ. ನಮ್ಮ ಒಪ್ಪಂದದಿಂದ ಗ್ರಾಹಕರಿಗೆ ಒಳ್ಳೆಯದಾಯಿತು, ಗುಣಮಟ್ಟ ಏರಿತು ಎಂದು ತೋರಿಸಿದರೆ ಕಾಯ್ದೆಯ ಆ ಊಹೆಯನ್ನು ಅಲ್ಲಗಳೆಯಬಹುದು. ಚಿತ್ರರಂಗದವರು ಭಾಷೆ, ಸಂಸ್ಕೃತಿ, ಉದ್ಯೋಗ ಎಂದು ವಾದಿಸಿದರು. ನೋಡುಗನಿಗೆ ಏನು ಸಿಕ್ಕಿತು ಎಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಇದು ಕರ್ನಾಟಕದ ಮೇಲಿನ ಹಗೆಯೂ ಅಲ್ಲ. ಪಶ್ಚಿಮ ಬಂಗಾಳದಲ್ಲಿ ಹಿಂದಿ ‘ಮಹಾಭಾರತ’ ಧಾರಾವಾಹಿಯ ಬಂಗಾಳಿ ರೂಪವನ್ನು ಎರಡು ಚಾನೆಲ್‌ಗಳು ತೋರಿಸಲು ಹೊರಟಾಗ ಕಲಾವಿದರು, ತಂತ್ರಜ್ಞರ ಸಮನ್ವಯ ಸಮಿತಿ ಪತ್ರ ಬರೆದು ತಡೆದಿತ್ತು. ನಾವು ಕಾರ್ಮಿಕ ಸಂಘಟನೆ, ಈ ಕಾಯ್ದೆ ನಮಗೆ ಅನ್ವಯಿಸದು ಎಂಬ ಅವರ ವಾದವನ್ನು ಮೇಲ್ಮನವಿ ನ್ಯಾಯಮಂಡಳಿ ಒಪ್ಪಿತ್ತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪ್ರತಿಭಟಿಸಿ, ಘೋಷಣೆ ಕೂಗಿ, ಅದು ನಿಮ್ಮ ಹಕ್ಕು. ಆದರೆ ಪೈಪೋಟಿಯಲ್ಲಿರುವ ಉದ್ಯಮಿಗಳೂ ಜೊತೆ ಸೇರಿ ಬಹಿಷ್ಕಾರದ ಬೆದರಿಕೆಯಿಂದ ಸರಕೇ ಪೇಟೆಗೆ ಬಾರದಂತೆ ಮಾಡಿದರೆ ಅದು ಬೇರೆ ಮಾತು ಎಂಬುದು ತೀರ್ಪಿನ ಸಾರ.

ಒಂದು ಉದ್ಯಮಕ್ಕೆ ನಿಜಕ್ಕೂ ರಕ್ಷಣೆ ಬೇಕಿದ್ದರೆ ಸರ್ಕಾರ ಸಬ್ಸಿಡಿ ಕೊಡಬಹುದು, ತೆರಿಗೆ ಬಿಡಬಹುದು. ಕನ್ನಡ ಚಿತ್ರಗಳಿಗೆ ಎರಡೂ ಸಿಕ್ಕಿವೆ. ಸಾರ್ವಜನಿಕ ಹಿತಕ್ಕಾಗಿ ಒಂದು ವರ್ಗದ ಉದ್ಯಮಗಳನ್ನೇ ಈ ಕಾಯ್ದೆಯಿಂದ ಹೊರಗಿಡುವ ಅಧಿಕಾರವೂ ಸೆಕ್ಷನ್ 54ರಲ್ಲಿ ಕೇಂದ್ರಕ್ಕಿದೆ. ಅಂಥ ತೀರ್ಮಾನವನ್ನು ನಾವು ಪ್ರಶ್ನಿಸಬಹುದು, ಚುನಾವಣೆಯಲ್ಲಿ ಕೇಳಬಹುದು. ಗಾಂಧಿನಗರದ ಕಚೇರಿಯೊಂದರಲ್ಲಿ ಕೂತವರು ಮಾಡಿದ ಕಟ್ಟುಪಾಡನ್ನು ಪ್ರಶ್ನಿಸಲು ಪ್ರೇಕ್ಷಕ ಎಲ್ಲಿಗೆ ಹೋಗಬೇಕಿತ್ತು?

ಆಮೇಲೆ ನಡೆದದ್ದು ನಿಮಗೆ ಗೊತ್ತು. 2017ರಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ಬಿಡುಗಡೆಯಾದಾಗ ಗಲಾಟೆಯಾಯಿತು. 2018ರ ಕೊನೆಗೆ ‘ಕೆಜಿಎಫ್’ ಐದು ಭಾಷೆಗಳಲ್ಲಿ ತೆರೆಕಂಡಿತು, 2022ರಲ್ಲಿ ‘ಕಾಂತಾರ’ ನಿಮ್ಮ ಕರಾವಳಿಯ ದೈವವನ್ನು ಹಿಂದಿಯವರಿಗೆ ಹಿಂದಿಯಲ್ಲೇ ತೋರಿಸಿತು. ಡಬ್ಬಿಂಗಿಗೆ ದಾರಿ ಬಿಟ್ಟದ್ದರಿಂದಲೇ ಇದೆಲ್ಲ ಆಯಿತು ಎಂದು ನಾನು ಹೇಳುವುದಿಲ್ಲ, ಅದು ಅತಿ. ಆದರೆ ಡಬ್ಬಿಂಗ್ ಬಂದರೆ ಕನ್ನಡ ಚಿತ್ರರಂಗವೇ ಮುಳುಗುತ್ತದೆ ಎಂದು ಹೇಳಿದ್ದವರು ಈಗ ಬೇರೆ ಭಾಷೆಗಳ ಡಬ್ಬಿಂಗ್ ಹಕ್ಕಿನ ಮಾತುಕತೆಯಲ್ಲಿ ಇರುವುದನ್ನು ಕಂಡರೆ ನಗು ಬರುತ್ತದೆ.

ಇನ್ನು ಟ್ಯಾಕ್ಸಿ. ಇಲ್ಲಿ ನಾನು ನಿಮ್ಮ ಪಕ್ಕದಲ್ಲೇ ಕೂರುತ್ತೇನೆ.

ಏಕಸ್ವಾಮ್ಯ ತಡೆಯಲೆಂದು ಬಂದಿದ್ದ 1969ರ ಎಂಆರ್‌ಟಿಪಿ ಕಾಯ್ದೆ ಕಂಪನಿಯೊಂದು ದೊಡ್ಡದಾಗುವುದನ್ನೇ ಗುಮಾನಿಯಿಂದ ನೋಡುತ್ತಿತ್ತು. ಹೊಸ ಕಾಯ್ದೆಯ ಸೆಕ್ಷನ್ 4 ಹಾಗಲ್ಲ. ದೊಡ್ಡವನಾಗು, ಆದರೆ ದೊಡ್ಡಸ್ತಿಕೆಯನ್ನು ದುರುಪಯೋಗ ಮಾಡಬೇಡ ಎನ್ನುತ್ತದೆ. ಆದ್ದರಿಂದ ಅಸಲಿಗಿಂತ ಕಡಿಮೆಗೆ ಮಾರಿದ್ದೊಂದೇ ತಪ್ಪಾಗುವುದಿಲ್ಲ. ಮಾರಿದವನು ಆ ಮಾರುಕಟ್ಟೆಯಲ್ಲಿ ಪ್ರಬಲ ಎಂದು ಮೊದಲು ತೋರಿಸಬೇಕು. ಫಾಸ್ಟ್ ಟ್ರ್ಯಾಕ್ ಕಾಲ್ ಕ್ಯಾಬ್ ಎಂಬ ಸಂಸ್ಥೆ ಓಲಾ ವಿರುದ್ಧ ಬೆಂಗಳೂರಿನ ಮಾರುಕಟ್ಟೆಯ ಕುರಿತು ದೂರು ಕೊಟ್ಟಿತು, ಬಳಿಕ ಮೇರು ಎಂಬ ಟ್ಯಾಕ್ಸಿ ಕಂಪನಿ ಕೂಡ ಕೊಟ್ಟಿತು. 2015ರಲ್ಲಿ ತನಿಖೆಗೆ ಆದೇಶವಾಯಿತು. ಆ ಹೊತ್ತಿಗೇ ಓಲಾ ಬೆಂಗಳೂರಿನದೇ ಇನ್ನೊಂದು ಕಂಪನಿ ಟ್ಯಾಕ್ಸಿಫಾರ್‌ಶ್ಯೂರ್ ಅನ್ನು ಕೊಂಡುಕೊಂಡಿತ್ತು. 2017ರ ಜುಲೈಯಲ್ಲಿ ಆಯೋಗ ಹೇಳಿದ್ದು: ಓಲಾ ದೊಡ್ಡದು ನಿಜ, ಆದರೆ ಎದುರಿಗೆ ಊಬರ್ ಇದೆ, ಹಾಗಾಗಿ ಓಲಾ ತನ್ನ ಮನಸ್ಸಿಗೆ ಬಂದಂತೆ ನಡೆಯಲಾರದು, ಪ್ರಾಬಲ್ಯವೇ ಇಲ್ಲವೆಂದ ಮೇಲೆ ದುರುಪಯೋಗ ಎಲ್ಲಿಯದು?

ಪುಸ್ತಕದ ಲೆಕ್ಕಕ್ಕೆ ಇದು ಸರಿ. ರಸ್ತೆಯಲ್ಲಿ ನಿಂತು ನೋಡಿದರೆ ಕಾಣುವುದು ಬೇರೆ. ತಳವಿಲ್ಲದ ಜೇಬಿನ ಇಬ್ಬರು ಪೈಪೋಟಿಯ ಮೇಲೆ ನಷ್ಟ ಮಾಡಿಕೊಳ್ಳುತ್ತಿದ್ದಾರೆ, ನಡುವೆ ಸಿಕ್ಕಿ ಮೂರನೆಯವನು ಸಾಯುತ್ತಾನೆ. ಒಬ್ಬನ ಇರುವಿಕೆಯೇ ಇನ್ನೊಬ್ಬನ ನಿರಪರಾಧಕ್ಕೆ ಸಾಕ್ಷಿಯಾಗುತ್ತದೆ. ಇಬ್ಬರೂ ಕೂಡಿ ಪ್ರಬಲರು ಎಂದು ಹೇಳಲು ನಮ್ಮ ಕಾಯ್ದೆಯಲ್ಲಿ ಜಾಗವಿಲ್ಲ. ಆ ಜಾಗ ಮಾಡಿಕೊಡಲು 2012ರಲ್ಲಿ ತಿದ್ದುಪಡಿ ಮಸೂದೆ ಬಂದಿತ್ತು, ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು. 2023ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿಯಾದಾಗಲೂ ಅದನ್ನು ಸೇರಿಸಲಿಲ್ಲ. ಈ ತೂತಿಗೆ ಅರ್ಥಶಾಸ್ತ್ರವನ್ನು ಬೈಯಬೇಡಿ. ಇಬ್ಬರು ಮೂವರೇ ಇರುವ ಮಾರುಕಟ್ಟೆಯಲ್ಲಿ ಏನೇನು ನಡೆಯುತ್ತದೆ ಎಂದು ಅದು ಬಹಳ ಕಾಲದಿಂದ ಹೇಳುತ್ತಲೇ ಬಂದಿದೆ. ಕಿವಿಗೊಡದಿದ್ದದ್ದು ಶಾಸನ.

ದೆಹಲಿ ವಲಯದಲ್ಲಿ ಮೇರು ಊಬರ್ ಮೇಲೆ ಹಾಕಿದ ದೂರಿನ ಕಥೆ ಇನ್ನೂ ಸ್ವಾರಸ್ಯದ್ದು. ಪ್ರತಿ ಟ್ರಿಪ್ಪಿಗೆ ಊಬರ್ 204 ರೂಪಾಯಿ ಕಳೆದುಕೊಳ್ಳುತ್ತಿದೆ ಎಂಬ ಲೆಕ್ಕ ಅದರಲ್ಲಿತ್ತು. ಇದು ನಿಜವಾದರೆ ಎದುರಾಳಿಗಳನ್ನು ಹೊರಹಾಕುವುದನ್ನು ಬಿಟ್ಟು ಬೇರಾವ ಆರ್ಥಿಕ ಅರ್ಥವೂ ಕಾಣುವುದಿಲ್ಲ ಎಂಬರ್ಥದ ಮಾತನ್ನು 2019ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ನಾರಿಮನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಆಡಿ, ತನಿಖೆ ನಡೆಯಲಿ ಎಂದಿತು. ತನಿಖೆ ನಡೆಯಿತು. 2021ರಲ್ಲಿ ಆಯೋಗ ಅದನ್ನೂ ಮುಚ್ಚಿತು, ಅಲ್ಲೂ ಪ್ರಾಬಲ್ಯ ಸಾಬೀತಾಗಲಿಲ್ಲ. ದೂರು ಹುಟ್ಟಿ ಮುಗಿಯುವ ಹೊತ್ತಿಗೆ ದೂರುದಾರನ ವ್ಯಾಪಾರವೇ ಎಲ್ಲಿತ್ತು ಎಂದು ಕೇಳಿದರೆ ಉತ್ತರ ಕಷ್ಟ. ಪೇಟೆ ತಿಂಗಳಿಗೊಮ್ಮೆ ಬಣ್ಣ ಬದಲಿಸುತ್ತದೆ, ಕಡತಕ್ಕೆ ವರ್ಷಗಳು ಬೇಕು. ತಪ್ಪು ನಡೆದ ಮೇಲೆ ಹಿಡಿಯುವ ಬದಲು ದೊಡ್ಡ ಡಿಜಿಟಲ್ ಕಂಪನಿಗಳಿಗೆ ಮೊದಲೇ ಕಟ್ಟಳೆ ಹಾಕೋಣ ಎಂಬ ಕರಡು ಮಸೂದೆ 2024ರ ಮಾರ್ಚ್‌ನಲ್ಲಿ ಹೊರಬಂದದ್ದು ಈ ಹಿನ್ನೆಲೆಯಲ್ಲೇ. ಆ ಕರಡಿನ ಬಗ್ಗೆ ನನಗೆ ಬೇರೆ ಅನುಮಾನಗಳಿವೆ, ಇನ್ನೊಮ್ಮೆ ಬರೆಯುವೆ.

ನಿಮ್ಮ ಅಕ್ಕನ ಮಗನ ವಿಷಯಕ್ಕೆ ಬಂದರೆ, ಅವನು ಈ ಕಾಯ್ದೆಯ ಕಣ್ಣಿಗೆ ಸರಿಯಾಗಿ ಬಿದ್ದೇ ಇಲ್ಲ. ಅಗ್ಗದ ಬಾಡಿಗೆಯ ಕಾಲದಲ್ಲಿ ಪ್ರಯಾಣಿಕ ಗೆದ್ದ. ಕಂಪನಿಗಳು ಇನ್ಸೆಂಟಿವ್ ಇಳಿಸಿದಾಗ ಬಿದ್ದವನು ಚಾಲಕ; 2017ರ ಆರಂಭದಲ್ಲಿ ಬೆಂಗಳೂರಿನ ಚಾಲಕರು ಬೀದಿಗಿಳಿದದ್ದು ನೆನಪಿರಬಹುದು. ಆಯೋಗ ಅಳೆದದ್ದು ಪ್ರಯಾಣಿಕನಿಗೆ ಏನು ಬೆಲೆ, ಎಷ್ಟು ಆಯ್ಕೆ ಎಂಬುದನ್ನು. ತನ್ನ ದುಡಿಮೆ ಮಾರುವ ಚಾಲಕನಿಗೆ ಎಷ್ಟು ಕೊಳ್ಳುಗರಿದ್ದಾರೆ ಎಂಬುದನ್ನೂ ಅಳೆಯಬಹುದಿತ್ತು. ಆ ಅಳತೆಗೋಲು ಅರ್ಥಶಾಸ್ತ್ರದಲ್ಲಿ ಇದೆ, ನಮ್ಮಲ್ಲಿ ಅದನ್ನು ಹೊರಗೆ ತೆಗೆದದ್ದು ಕಡಿಮೆ.

ಆದರೆ ಬೆಂಗಳೂರಿನ ಆಟೋದವರ ಕಥೆ ಬೇರೆಯೇ ಆಯಿತು. 2022ರ ಅಕ್ಟೋಬರ್‌ನಲ್ಲಿ ಮೊದಲ ಎರಡು ಕಿಲೋಮೀಟರಿಗೆ ಸರ್ಕಾರಿ ದರ 30 ರೂಪಾಯಿ, ಆ್ಯಪಿನಲ್ಲಿ ಕೇಳುತ್ತಿದ್ದದ್ದು 100 ರೂಪಾಯಿಯ ತನಕ. ಸಾರಿಗೆ ಇಲಾಖೆ ಗದರಿತು, ಕಂಪನಿಗಳು ಹೈಕೋರ್ಟಿಗೆ ಹೋದವು. ಆಟೋ ಚಾಲಕರ ಯೂನಿಯನ್ ಆರ್ಡು, ಜಸ್‌ಪೇ ಎಂಬ ತಂತ್ರಜ್ಞಾನ ಕಂಪನಿಯ ಜೊತೆ ಸೇರಿ ‘ನಮ್ಮ ಯಾತ್ರಿ’ ಹೊರತಂದಿತು. ಕಮಿಷನ್ ಇಲ್ಲ, ಮರುವರ್ಷ ದಿನಕ್ಕೆ 25 ರೂಪಾಯಿಯ ಚಂದಾ ಬಂತು. ಚಾಲಕರು ಅದಕ್ಕೆ ವಾಲಿದ್ದೇ ತಡ, ರಾಪಿಡೊ, ಓಲಾ, ಊಬರ್ ಒಂದರ ಹಿಂದೊಂದು ಆಟೋಗಳ ಮಟ್ಟಿಗೆ ಕಮಿಷನ್ ಕೈಬಿಟ್ಟು ಚಂದಾಕ್ಕೆ ಬಂದವು. ಯಾವ ಆಯೋಗದ ದಂಡವೂ ಇದನ್ನು ಮಾಡಿಸಿರಲಿಲ್ಲ.

ಸಣ್ಣವರು ಸಂಘ ಕಟ್ಟುವುದೇ ತಪ್ಪಾ ಎಂದು ಕೇಳಿದಿರಿ. ಈ ಪ್ರಶ್ನೆ ಪುತ್ತೂರಿನಿಂದ ಬಂದದ್ದು ನನಗೆ ತಮಾಷೆಯಾಗಿ ಕಂಡಿತು. ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ದರ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರು ಮತ್ತವರ ಜೊತೆಗಾರರು 1973ರಲ್ಲಿ ಕ್ಯಾಂಪ್ಕೋ ಎಂಬ ಬೆಳೆಗಾರರ ಸಹಕಾರಿ ಸಂಸ್ಥೆ ಕಟ್ಟಿದರು. ಖಾಸಗಿ ವ್ಯಾಪಾರಿ ಅಡಿಕೆ ಕೊಳ್ಳಬಾರದು ಎಂದು ಅವರು ಎಲ್ಲೂ ತಡೆ ಹಾಕಲಿಲ್ಲ. ಪಕ್ಕದಲ್ಲಿ ತಾವೂ ಒಂದು ತಕ್ಕಡಿ ಇಟ್ಟರು. ಚಾಲಿಗೆ ಇಂದು ಇಷ್ಟು, ಪಟೋರಕ್ಕೆ ಇಷ್ಟು, ಕರಿಗೋಟಿಗೆ ಇಷ್ಟು ಎಂದು ಅಡಿಕೆಯ ಒಂದೊಂದು ದರ್ಜೆಗೂ ದರ ಹೇಳಿದರು. ಇವತ್ತಿಗೂ ನೀವು ಖಾಸಗಿ ಅಂಗಡಿಗೆ ಹೋಗುವ ಮುಂಚೆ ಕ್ಯಾಂಪ್ಕೋ ದರ ಕೇಳಿಕೊಂಡೇ ಹೋಗುತ್ತೀರಿ, ಅಲ್ಲವೇ? 1986ರಲ್ಲಿ ನಿಮ್ಮೂರಲ್ಲೇ ಚಾಕೊಲೇಟ್ ಕಾರ್ಖಾನೆ ತೆರೆದು ಕೊಕ್ಕೊ ಬೆಳೆಗಾರನಿಗೂ ಒಂದು ದಾರಿ ಮಾಡಿದರು. ಕ್ಯಾಂಪ್ಕೋದಿಂದ ಪೇಟೆಗೆ ಒಬ್ಬ ಕೊಳ್ಳುಗ ಹೆಚ್ಚಾದ. ಡಬ್ಬಿಂಗ್ ಕಟ್ಟುಪಾಡಿನಿಂದ ಪೇಟೆಯಲ್ಲಿ ಒಂದು ಸರಕು ಕಡಿಮೆಯಾಯಿತು. ಎರಡೂ ಸಂಘಟನೆಯೇ, ಕಾಯ್ದೆ ತಡೆಯುವುದು ಎರಡನೆಯದನ್ನು.

ಇನ್ನು ನಿಮ್ಮೂರಿನ ಬೆಳಗಿನ ಫೋನ್ ಕರೆಗಳು. ಮಾರುವವರು ಕೂಡಿ ಬೆಲೆ ಏರಿಸುವುದು ಮಾತ್ರವಲ್ಲ, ಕೊಳ್ಳುವವರು ಕೂಡಿ ಬೆಲೆ ಇಳಿಸುವುದೂ ಸೆಕ್ಷನ್ 3ರ ಕೆಳಗೇ ಬರುತ್ತದೆ, ಕಾಯ್ದೆಯ ಪಠ್ಯದಲ್ಲೇ ಖರೀದಿ ಬೆಲೆಯ ಮಾತಿದೆ. ಆದರೆ ನಾಲ್ಕು ಅಂಗಡಿಯಲ್ಲಿ ಒಂದೇ ದರ ಎಂಬುದಷ್ಟೇ ಸಾಲದು. ಪೈಪೋಟಿ ಜೋರಾಗಿದ್ದಾಗಲೂ ದರಗಳು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಜೊತೆಗೆ ಬೇರೆ ಸುಳಿವು ಬೇಕು. ಆಹಾರ ನಿಗಮದ ಗೋದಾಮುಗಳಲ್ಲಿ ಕಾಳಿಗೆ ಹುಳ ಹತ್ತದಂತೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳ ಟೆಂಡರಿಗೆ 2009ರ ಮೇಯಲ್ಲಿ ಮೂರು ಕಂಪನಿಗಳು ಕೆಜಿಗೆ 388 ರೂಪಾಯಿ ಎಂದು ಬರೆದಿದ್ದವು, ಮೂವರದ್ದೂ ಅದೇ ಅಂಕಿ. ಕಾರ್ಖಾನೆ ಬೇರೆ, ಖರ್ಚು ಬೇರೆ, ದರ ಮಾತ್ರ ಒಂದೇ. ಅದೂ ಒಂದು ಸಲವಲ್ಲ, ವರ್ಷಗಳಿಂದ ಹಾಗೇ. ಇದು ಕಾಕತಾಳೀಯ ಎಂಬ ವಾದವನ್ನು 2017ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಹಾಗಾಗಿ ನೀವು ಮಾಡಬಹುದಾದ್ದು ಇದು. ಯಾವ ದಿನ, ಯಾವ ಅಂಗಡಿ, ಯಾವ ದರ್ಜೆಗೆ ಎಷ್ಟು ದರ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ, ಅದೇ ದಿನದ ಕ್ಯಾಂಪ್ಕೋ ದರವನ್ನೂ ಪಕ್ಕದಲ್ಲಿ ಬರೆಯಿರಿ. ಚೀಟಿಗಳನ್ನು ಎಸೆಯಬೇಡಿ. ಅಕ್ಕಪಕ್ಕದ ನಾಲ್ಕು ಮನೆಯವರೂ ಬರೆದರೆ ಇನ್ನೂ ಒಳ್ಳೆಯದು. ಆಯೋಗಕ್ಕೆ ಮಾಹಿತಿ ಕೊಡಲು ನಷ್ಟಹೊಂದಿದವರೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ಕೊಡಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕೂಟದೊಳಗಿನ ವ್ಯಾಪಾರಿಯೊಬ್ಬ ತಾನಾಗಿ ಮೊದಲು ಬಾಯಿಬಿಟ್ಟು ಮಹತ್ವದ ಸಾಕ್ಷ್ಯ ಕೊಟ್ಟರೆ ಅವನ ದಂಡ ಪೂರ್ತಿ ಮಾಫಿಯಾಗುವ ಅವಕಾಶವೂ ಉಂಟು, ಈ ಸುದ್ದಿ ಪೇಟೆಯಲ್ಲಿ ನಾಲ್ಕು ಜನರ ಕಿವಿಗೆ ಬಿದ್ದರೆ ನಷ್ಟವೇನಿಲ್ಲ. 2023ರ ತಿದ್ದುಪಡಿಯ ನಂತರ ಮೂರು ವರ್ಷದ ಗಡುವಿದೆ, ಅದಕ್ಕಿಂತ ಹಳೆಯದನ್ನು ತೆಗೆದುಕೊಂಡು ಹೋದರೆ ತಡವಾದದ್ದಕ್ಕೆ ಕಾರಣ ಕೊಡಬೇಕಾಗುತ್ತದೆ. ಒಂದು ಹಂಗಾಮಿನ ಲೆಕ್ಕ ಕೂಡಿದ ಮೇಲೆ ನಮಗೂ ಒಂದು ಪ್ರತಿ ಕಳಿಸಿ, ನೋಡೋಣ.

– ಸಂಪಾದಕ